ಬೇಸಿಗೆಗೆ ಮುನ್ನವೇ ಬದು ಸವರಿ: ಮೈಸೂರು–ಮಂಡ್ಯ ಸೀಮೆಯ ಹೊಲ, ತೋಟ, ಕಾಡಂಚಿಗೆ ಬೆಂಕಿ ತಡೆಯ ಮಾರ್ಗದರ್ಶಿ

ಹಿಂಗಾರು ಮಳೆ ನಿಂತು, ರಾಗಿ ಒಕ್ಕಣೆ ಮುಗಿದು, ಸಂಕ್ರಾಂತಿ ಕಳೆಯುವ ಹೊತ್ತಿಗೆ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಬಯಲು ಬಣ್ಣ ಬದಲಿಸುತ್ತದೆ. ಬದುಗಳ ಮೇಲಿನ ಹುಲ್ಲು ಒಣಗುತ್ತದೆ. ನಾಗರಹೊಳೆಯ ಅಂಚಿನಿಂದ ಮೇಲುಕೋಟೆಯ ಗುಡ್ಡಗಳವರೆಗೆ ದಿಂಡಿಗ, ಮತ್ತಿ, ತೇಗದ ಮರಗಳು ಎಲೆ ಕಳಚುತ್ತವೆ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೋದ ಮೇಲೆ ಏಪ್ರಿಲ್‌ನ ಮೊದಲ ಹದ ಮಳೆ ಬೀಳುವವರೆಗೂ ಈ ನೆಲದ ಮೇಲಿರುವುದೆಲ್ಲವೂ ಒಂದು ಕಿಡಿಗೆ ಕಾದಿರುವ ಸೌದೆಯೇ. ಈ ಅವಧಿಯಲ್ಲಿ ನಮ್ಮಲ್ಲಿ ಸಿಡಿಲಿನಿಂದ ಹೊತ್ತಿಕೊಳ್ಳುವ ಬೆಂಕಿ ಬಹಳ ಅಪರೂಪ. ಹೊತ್ತಿಕೊಳ್ಳುವ ಬೆಂಕಿಯಲ್ಲಿ ಬಹುಪಾಲು ಮನುಷ್ಯನ ಕೈಯಿಂದ, ಕೆಲವೊಮ್ಮೆ ಬೇಕೆಂದೇ, ಹೆಚ್ಚಿನ ಸಲ ಅಜಾಗ್ರತೆಯಿಂದ ಆದದ್ದು. ಆದ್ದರಿಂದ ಬೆಂಕಿ ತಡೆಯುವ ಕೆಲಸದ ಮುಕ್ಕಾಲು ಪಾಲು ನೀರಿನ ಟ್ಯಾಂಕರಿನದ್ದಲ್ಲ, ಗುದ್ದಲಿ ಮತ್ತು ಕುಡುಗೋಲಿನದ್ದು, ಅದೂ ಜನವರಿ ಮುಗಿಯುವುದರೊಳಗೆ ಆಗಬೇಕಾದದ್ದು. 2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಅಂಥ ನೆರವು ಒಬ್ಬ ರೈತನ ಎರಡು ಎಕರೆಗೆ ಬರುವುದಿಲ್ಲ.

ಮೊದಲ ಕೆಲಸ: ನಿಮ್ಮ ಜಮೀನನ್ನು ಬೆಂಕಿಯ ಕಣ್ಣಿನಿಂದ ನೋಡುವುದು

ಡಿಸೆಂಬರ್ ಕೊನೆಯಲ್ಲಿ ಒಂದು ಸಂಜೆ ಜಮೀನಿನ ಸುತ್ತ ನಡೆದು, ಬೆಂಕಿ ಎಲ್ಲಿಂದ ಬರಬಹುದು ಎಂಬುದನ್ನು ಗುರುತಿಸಿಕೊಳ್ಳಿ. ರಸ್ತೆಗೆ ತಾಗಿದ ಬದಿ ಯಾವುದು, ಅಲ್ಲಿ ಬೀಡಿ ಸಿಗರೇಟಿನ ತುಂಡು ಎಸೆಯುವವರ ಓಡಾಟ ಎಷ್ಟು. ವಿದ್ಯುತ್ ತಂತಿ ಯಾವ ಸಾಲಿನ ಮೇಲೆ ಹಾದುಹೋಗಿದೆ. ಪಕ್ಕದ ಹೊಲದವರು ಪ್ರತಿ ವರ್ಷ ಸೋಗೆ, ಅಂದರೆ ಕಬ್ಬಿನ ಒಣಗರಿ, ಸುಡುತ್ತಾರೆಯೇ. ಗೋಮಾಳ ಅಥವಾ ಕಾಡಿನ ಕಡೆ ಲಂಟಾನ ಎಷ್ಟು ದಟ್ಟವಾಗಿದೆ ಎಂಬುದನ್ನೆಲ್ಲ ನೋಡಿ. ಲಂಟಾನ ಹಸಿರಾಗಿ ಕಂಡರೂ ಅದರ ಬುಡದಲ್ಲಿ ಒಣಗಿದ ಕಡ್ಡಿಗಳ ರಾಶಿ ಇರುತ್ತದೆ. ನೆಲದ ಮೇಲೆ ಹರಿಯುವ ಬೆಂಕಿಯನ್ನು ಮರದ ಕೊಂಬೆಗೆ ಏರಿಸುವ ಏಣಿ ಅದೇ. ಕಾಡಂಚಿನ ಊರುಗಳಾದ ಎಚ್.ಡಿ. ಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳಲ್ಲಿ ಹೂಬಿಟ್ಟು ಸತ್ತ ಬಿದಿರಿನ ಮೆಳೆಗಳಿದ್ದರೆ ಅವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಣಬಿದಿರಿನ ಗಿಣ್ಣು ಸಿಡಿದಾಗ ಕಿಡಿ ಬಹಳ ದೂರ ಹಾರುತ್ತದೆ.

ಆನೆ ಕಂದಕ ಇರುವುದರಿಂದ ಕಾಡಿನ ಬೆಂಕಿ ತಮ್ಮ ಹೊಲಕ್ಕೆ ದಾಟುವುದಿಲ್ಲ ಎಂಬ ಭರವಸೆ ಹಲವರಲ್ಲಿದೆ. ಕಂದಕದೊಳಗೆ ಎರಡು ವರ್ಷದ ತರಗೆಲೆ ತುಂಬಿದ್ದರೆ, ಬೆಂಕಿ ಅದರೊಳಗಿಳಿದು ಈಚೆ ಹತ್ತುತ್ತದೆ. ಸೋಲಾರ್ ಬೇಲಿಯ ಕೆಳಗಿನ ಹುಲ್ಲನ್ನು ಮಾತ್ರ ತಪ್ಪದೆ ಕೊಯ್ಯಿರಿ. ಹುಲ್ಲು ತಂತಿಗೆ ತಾಗಿ ವಿದ್ಯುತ್ ನೆಲಕ್ಕಿಳಿದರೆ ಬೇಲಿಯ ಹೊಡೆತ ಕುಗ್ಗುತ್ತದೆ, ಆದ್ದರಿಂದ ಈ ಒಂದು ಕೆಲಸದಿಂದ ಆನೆಗೂ ಬೆಂಕಿಗೂ ಒಟ್ಟಿಗೆ ತಡೆ ಹಾಕಿದಂತಾಗುತ್ತದೆ.

ಎರಡನೆಯ ಕೆಲಸ: ಬೆಂಕಿ ರೇಖೆ

ಅರಣ್ಯ ಇಲಾಖೆ ಕಾಡಿನೊಳಗೆ ಮಾಡುವ ಬೆಂಕಿ ರೇಖೆಯನ್ನು ಸಣ್ಣ ಪ್ರಮಾಣದಲ್ಲಿ ಹೊಲದ ಸುತ್ತ ಮಾಡಿಕೊಳ್ಳುವುದು ಯಾರಿಗೂ ಹೊಸ ವಿದ್ಯೆಯಲ್ಲ. ಆದರೆ ಹಲವರು ಹುಲ್ಲನ್ನು ಮೇಲಿಂದ ಕೊಯ್ದು ಅಲ್ಲಿಯೇ ಬಿಟ್ಟುಬಿಡುತ್ತಾರೆ; ಕೊಯ್ದ ಹುಲ್ಲು ನಿಂತ ಹುಲ್ಲಿಗಿಂತ ಬೇಗ ಒಣಗುವುದರಿಂದ ಅದು ರೇಖೆಯಾಗುವುದಿಲ್ಲ. ರೇಖೆ ಎಂದರೆ ಸುಡಲು ಏನೂ ಉಳಿಯದ ಬರಿಯ ಮಣ್ಣಿನ ಪಟ್ಟಿ. ಟ್ರಾಕ್ಟರ್ ಹೋಗುವಲ್ಲಿ ಕಲ್ಟಿವೇಟರ್ ಅಥವಾ ರೋಟವೇಟರ್ ಹೊಡೆಸಿ. ಹೋಗದಲ್ಲಿ ಗುದ್ದಲಿಯಿಂದ ಕೆತ್ತಿ, ಕಸವನ್ನು ಒಳಗಡೆಗೆ, ಅಂದರೆ ನಿಮ್ಮ ಗೊಬ್ಬರದ ಗುಂಡಿಯ ಕಡೆಗೆ ಎಳೆದುಕೊಳ್ಳಿ. ಮೊಣಕಾಲೆತ್ತರದ ಹುಲ್ಲಿಗೆ ಹತ್ತು ಅಡಿ ಅಗಲ ಸಾಕಾಗಬಹುದು. ಬೆಳೆದು ನಿಂತ ಕಬ್ಬಿಗೆ ಅದು ಸಾಲದು. ಒಣಸೋಗೆಯ ಜ್ವಾಲೆ ತೆಂಗಿನ ಎತ್ತರಕ್ಕೆ ಏಳುವುದುಂಟು, ಗಾಳಿ ಇದ್ದರೆ ಹತ್ತಡಿಯನ್ನು ಅದು ಲೆಕ್ಕಿಸುವುದೇ ಇಲ್ಲ. ಕಬ್ಬಿನ ಗದ್ದೆಯ ಪಕ್ಕದಲ್ಲಿ ಗಾಡಿ ಜಾಡನ್ನೋ ನಾಲೆಯ ಏರಿಯನ್ನೋ ಸೇರಿಸಿಕೊಂಡು ಇಪ್ಪತ್ತು ಅಡಿಯಷ್ಟಾದರೂ ಅಗಲ ಸಿಗುವಂತೆ ರೇಖೆಯನ್ನು ಹಾಯಿಸುವುದು ಲೇಸು.

ಎಲೆ ಉದುರುವುದು ಮಾರ್ಚ್‌ವರೆಗೂ ಮುಂದುವರಿಯುವುದರಿಂದ, ಜನವರಿಯಲ್ಲಿ ಕೆತ್ತಿದ ರೇಖೆಯ ಮೇಲೆ ಫೆಬ್ರವರಿ ಕೊನೆಗೆ ಮತ್ತೆ ತರಗು ಬಿದ್ದಿರುತ್ತದೆ. ಹದಿನೈದು ದಿನಕ್ಕೊಮ್ಮೆ ಉದ್ದ ಹಿಡಿಯ ಪೊರಕೆಯಿಂದ ಗುಡಿಸಬೇಕು. ಬೇಸರದ ಕೆಲಸವೆಂಬುದು ನಿಜ, ಆದರೆ ಗುಡಿಸದ ರೇಖೆಯನ್ನು ನಂಬಿ ಕೂರುವುದಕ್ಕಿಂತ ರೇಖೆಯೇ ಇಲ್ಲವೆಂದು ತಿಳಿದು ಎಚ್ಚರವಾಗಿರುವುದು ವಾಸಿ.

ಮೂರನೆಯ ಕೆಲಸ: ಕಬ್ಬಿನ ಸೋಗೆ

ಮಂಡ್ಯ ಸೀಮೆಯಲ್ಲಿ ಬೆಂಕಿಯ ಮಾತು ಸೋಗೆಯನ್ನು ಬಿಟ್ಟು ಮುಂದೆ ಹೋಗಲಾರದು. ಕಟಾವಾದ ಗದ್ದೆಯಲ್ಲಿ ಎಕರೆಗೆ ಸುಮಾರು 3ರಿಂದ 4 ಟನ್ ಒಣಸೋಗೆ ಉಳಿಯುತ್ತದೆ. ಕೂಳೆ ಬೆಳೆಗೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ) ನೀರು ಬಿಡುವ ಅವಸರ, ಆಳಿನ ಕೊರತೆ, ಕಟಾವಿನವರು ಹೊರಟುಹೋದ ಮೇಲೆ ಸಾಲು ತೆರೆಯುವ ತೊಂದರೆ, ಇವೆಲ್ಲ ಸೇರಿ ಒಂದು ಬೆಂಕಿಕಡ್ಡಿಯೇ ಸುಲಭದ ದಾರಿಯಾಗಿ ಕಾಣುತ್ತದೆ. ಹಾಗೆ ಸುಡುವವರನ್ನು ಬೈದು ಪ್ರಯೋಜನವಿಲ್ಲ, ಅವರ ಲೆಕ್ಕಾಚಾರ ಅರ್ಥವಾಗದಂಥದ್ದಲ್ಲ. ಆದರೆ ಆ ಲೆಕ್ಕದಲ್ಲಿ ಬಿಟ್ಟುಹೋಗಿರುವ ಬಾಬತ್ತುಗಳಿವೆ: ಸೋಗೆಯಲ್ಲಿದ್ದ ಸಾರಜನಕ ಹೊಗೆಯಾಗಿ ಹೋಗುತ್ತದೆ, ಮೇಲ್ಮಣ್ಣಿನ ಎರೆಹುಳು ಮತ್ತು ಜೀವಾಣುಗಳು ಸಾಯುತ್ತವೆ, ಹನಿ ನೀರಾವರಿಯ ಪೈಪು ಕರಗುತ್ತದೆ, ಬದುವಿನ ತೆಂಗಿನ ಸುಳಿ ಕಾವಿಗೆ ಬಾಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಪಕ್ಕದವನ ಕಟಾವಾಗದ ಕಬ್ಬಿಗೆ ಬೆಂಕಿ ದಾಟಿದರೆ ತಲೆಮಾರಿನ ಜಗಳ ಮನೆ ಹೊಕ್ಕುತ್ತದೆ.

ಸುಡದೆ ನಿಭಾಯಿಸಲು ಮೂರು ನಾಲ್ಕು ದಾರಿಗಳಿವೆ. ಬಾಡಿಗೆಗೆ ಸಿಗುವ ಕಡೆ ಟ್ರಾಕ್ಟರಿಗೆ ಕಟ್ಟುವ ಸೋಗೆ ಪುಡಿ ಮಾಡುವ ಯಂತ್ರವನ್ನು ಹೊಡೆಸಿದರೆ ಸೋಗೆ ತುಂಡಾಗಿ ನೆಲಕ್ಕೆ ಹಾಸಿಕೊಳ್ಳುತ್ತದೆ. ಯಂತ್ರ ಸಿಗದಿದ್ದರೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಸೋಗೆ ಎಳೆದು, ಖಾಲಿ ಸಾಲಿನಲ್ಲಿ ನೀರು ಹಾಯಿಸಿ, ಸೋಗೆಯ ಸಾಲಿಗೆ ಸಗಣಿ ಬಗ್ಗಡ ಮತ್ತು ಸ್ವಲ್ಪ ಯೂರಿಯಾ ಬೆರೆಸಿದ ನೀರು ಚಿಮುಕಿಸಿದರೆ ಅದು ಕ್ರಮೇಣ ಕೊಳೆಯುತ್ತದೆ. ಮಂಡ್ಯದ ವಿ.ಸಿ. ಫಾರಂನ ವಲಯ ಕೃಷಿ ಸಂಶೋಧನಾ ಕೇಂದ್ರದಲ್ಲಿಯೂ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಇದರ ಪ್ರಮಾಣ ಮತ್ತು ಕ್ರಮವನ್ನು ಕೇಳಿ ತಿಳಿಯಬಹುದು. ಶುಂಠಿ ಅಥವಾ ಬಾಳೆ ಬೆಳೆಯುವವರಿಗೆ ಹೊದಿಕೆಯಾಗಿ ಕೊಟ್ಟುಬಿಡುವುದೂ ಒಂದು ದಾರಿಯೇ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಹೊದಿಕೆಯನ್ನು ಹೊಗಳುವವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಹಾಸಿದ ಸೋಗೆ ಕೊಳೆಯುವವರೆಗೂ ಸುಡುವ ವಸ್ತುವೇ. ಆದ್ದರಿಂದ ರಸ್ತೆ ಬದಿ, ಬದುವಿನ ಬದಿ ಮತ್ತು ತಂತಿಯ ಕೆಳಗಿನ ಸಾಲುಗಳಲ್ಲಿ ಹನ್ನೆರಡು ಅಡಿಯಷ್ಟು ಸೋಗೆಯನ್ನು ಒಳಕ್ಕೆ ಎಳೆದು ಅಂಚನ್ನು ಬರಿದಾಗಿಡಿ, ಮತ್ತು ಮೊದಲ ನೀರನ್ನು ಆದಷ್ಟು ಬೇಗ ಹಾಯಿಸಿ.

ಯಾವ ದಾರಿಯೂ ಆಗದೆ ಸುಡಲೇಬೇಕಾಗಿ ಬಂದರೆ, ಇಡೀ ಗದ್ದೆಗೆ ಬೆಂಕಿ ಹಚ್ಚುವುದನ್ನು ಬಿಟ್ಟು, ಗದ್ದೆಯ ನಡುವೆ ಸಣ್ಣ ಸಣ್ಣ ಗುಡ್ಡೆ ಮಾಡಿ ಒಂದಾದ ಮೇಲೊಂದರಂತೆ ಸುಡಿ. ಮಂಜಿನ ಹಸಿ ಆರುವ ಮುನ್ನ, ಬೆಳಗ್ಗೆ ಎಂಟರೊಳಗೆ, ಗಾಳಿ ಇಲ್ಲದ ದಿನ ಮಾತ್ರ. ಪಕ್ಕದ ಹೊಲದವರಿಗೆ ಹಿಂದಿನ ದಿನವೇ ಹೇಳಿ, ಅವರನ್ನೂ ಕರೆಯಿರಿ. ನೀರು ತುಂಬಿದ ಸ್ಪ್ರೇಯರ್ ಕ್ಯಾನುಗಳು, ಹಸಿಸೊಪ್ಪಿನ ಕೊಂಬೆಗಳು, ನಾಲ್ಕು ಜನ ಇಲ್ಲದೆ ಕಡ್ಡಿ ಗೀರಬಾರದು. ಬೂದಿ ತಣ್ಣಗಾಗುವವರೆಗೆ ಜಾಗ ಬಿಟ್ಟು ಕದಲಬಾರದು. ಉಣ್ಣಲು ಮನೆಗೆ ಹೋಗಿ ಬರುವಷ್ಟರಲ್ಲಿ ಗಾಳಿ ಏಳುವುದು ಈ ಕಾಲದ ಸ್ವಭಾವ. ಕಾಡಂಚಿನ ಹೊಲಗಳಲ್ಲಿ ಮಾತ್ರ ಈ ಷರತ್ತುಗಳೂ ಸಾಲವು. ಅಲ್ಲಿ ಫೆಬ್ರವರಿಯಿಂದ ಮಳೆ ಬೀಳುವವರೆಗೆ ಏನನ್ನೂ ಸುಡಬಾರದು ಎಂಬುದೇ ನಿಯಮವಾಗಿರಲಿ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು, ಅದಕ್ಕೆ ಅಪಾಯವಾಗುವಂತೆ ಬೆಂಕಿ ಉರಿಯಲು ಬಿಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ನಿಷೇಧಿಸುತ್ತದೆ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ.

ತಂತಿ, ಟಿ.ಸಿ. ಮತ್ತು ಮೆದೆ

ಕಬ್ಬಿನ ಗದ್ದೆಯ ಬೆಂಕಿಗೆ ಇನ್ನೊಂದು ದೊಡ್ಡ ಕಾರಣ ಜೋತುಬಿದ್ದ ವಿದ್ಯುತ್ ತಂತಿ. ಗಾಳಿಗೆ ಎರಡು ತಂತಿ ಒಂದಕ್ಕೊಂದು ತಾಗಿದಾಗ ಉದುರುವ ಕಿಡಿ ಒಣಗರಿಯ ಮೇಲೆ ಬಿದ್ದರೆ ಸಾಕು. ತಂತಿ ಕೈಗೆಟುಕುವಷ್ಟು ಕೆಳಗೆ ಬಂದಿದ್ದರೆ, ಕಂಬ ವಾಲಿದ್ದರೆ, ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರ್‌ನಿಂದ) ಕಿಡಿ ಉದುರುತ್ತಿದ್ದರೆ 1912ಕ್ಕೆ ಕರೆ ಮಾಡಿ ಈ ಭಾಗದ ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ಗೆ ದೂರು ದಾಖಲಿಸಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಜೊತೆಗೆ ಶಾಖಾ ಕಚೇರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ ಬೆಳೆ ನಷ್ಟದ ಪರಿಹಾರ ಕೇಳುವಾಗ ಬಾಯಿಮಾತಿನ ದೂರು ಯಾರ ನೆನಪಿನಲ್ಲಿಯೂ ಇರುವುದಿಲ್ಲ. ತಂತಿಗೆ ತಾಗುವ ತೆಂಗಿನ ಗರಿಯನ್ನು ನೀವೇ ಕಡಿಯಲು ಹೋಗದೆ ಲೈನ್‌ಮನ್‌ಗೆ ಹೇಳಿ, ವಿದ್ಯುತ್ ನಿಲ್ಲಿಸಿದ ಮೇಲೆ ಕಡಿಸಿ. ಟಿ.ಸಿ. ಸುತ್ತ ಮತ್ತು ಪಂಪ್‌ಸೆಟ್ ಮನೆಯ ಸುತ್ತ ಹುಲ್ಲು ಕೆತ್ತಿ ಮರಳು ಅಥವಾ ಜಲ್ಲಿ ಹರಡುವುದು ಅರ್ಧ ದಿನದ ಕೆಲಸ.

ಹುಲ್ಲಿನ ಮೆದೆಯನ್ನು ಮನೆ, ಕೊಟ್ಟಿಗೆಗಳಿಂದ ಐವತ್ತು ಅಡಿಯಾದರೂ ದೂರದಲ್ಲಿ, ತಂತಿಯ ಕೆಳಗೆ ಬಾರದಂತೆ ಒಟ್ಟಬೇಕು. ಎಲ್ಲವನ್ನೂ ಒಂದೇ ದೊಡ್ಡ ಮೆದೆ ಮಾಡುವುದು ನೋಡಲು ಚೆಂದ. ಆದರೆ ಎರಡಾಗಿ, ನಡುವೆ ಸಾಕಷ್ಟು ಅಂತರ ಬಿಟ್ಟು ಒಟ್ಟಿದರೆ ಒಂದು ಹೋದರೂ ದನಗಳಿಗೆ ಇನ್ನೊಂದು ಉಳಿಯುತ್ತದೆ. ಆಲೆಮನೆ ಇರುವವರು ಒಣಗಲು ಹರಡಿದ ಕಬ್ಬಿನ ಸಿಪ್ಪೆ ಒಲೆಯ ಬಾಯಿಗೂ ಚಿಮಣಿಯ ಗಾಳಿಗೂ ಸಿಗದಂತೆ ನೋಡಿಕೊಳ್ಳಬೇಕು. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬೇಯಿಸುವ ಬ್ಯಾರನ್ನಿನ ಬೂದಿಯನ್ನು ತಿಪ್ಪೆಗೆ ಸುರಿಯುವ ಮುನ್ನ ನೀರು ಹೊಯ್ದು ಕಲಸಬೇಕು. ಮೇಲೆ ಬೂದಿ ಮುಚ್ಚಿದ ಕೆಂಡ ಒಳಗೆ ಮರುದಿನವೂ ಜೀವಂತವಾಗಿರುತ್ತದೆ.

ಬೆಟ್ಟಕ್ಕೆ, ಹೊಳೆಗೆ ಹೋಗುವವರು

ಚಾಮುಂಡಿ ಬೆಟ್ಟ, ಕರಿಘಟ್ಟ, ಮೇಲುಕೋಟೆ, ಕುಂತಿಬೆಟ್ಟಗಳಿಗೆ ಈ ತಿಂಗಳುಗಳಲ್ಲಿಯೇ ಜನ ಹೆಚ್ಚು. 2025ರ ಫೆಬ್ರವರಿಯಲ್ಲಿ ಚಾಮುಂಡಿ ಬೆಟ್ಟದ ಇಳಿಜಾರಿಗೆ ಬೆಂಕಿ ಬಿದ್ದದ್ದನ್ನು ಮೈಸೂರಿನವರು ಮನೆಯ ಮಹಡಿಯಿಂದಲೇ ನೋಡಿದರು. ರಸ್ತೆಬದಿಯಲ್ಲಿ ಸಿಗರೇಟು ಸೇದಬಾರದು. ಕಾವೇರಿ ದಂಡೆಯ ಮುತ್ತತ್ತಿಯಂಥ ಕಡೆ ಪರ (ದೇವರ ಹೆಸರಿನಲ್ಲಿ ಹಾಕುವ ಊಟ) ಮಾಡಲು ಹೋದವರು ಅನುಮತಿಯಿರುವ ಜಾಗದಲ್ಲಿ, ಹೊಳೆದಂಡೆಯ ಮರಳಿನ ಮೇಲೆ ಮಾತ್ರ ಮೂರು ಕಲ್ಲಿನ ಒಲೆ ಹೂಡಬೇಕು. ಹೊರಡುವಾಗ ಒಲೆಗೆ ಒಂದು ಚೊಂಬು ನೀರು ಚೆಲ್ಲುವುದು ಸಾಲದು; ನೀರು ಹೊಯ್ದು, ಕೋಲಿನಿಂದ ಕೆದಕಿ, ಮತ್ತೆ ನೀರು ಹೊಯ್ದು, ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು ಕಾವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಜೇನು ಕೀಳುವವರ ಹೊಗೆಪಂಜಿಗೂ, ಹೊಸ ಚಿಗುರು ಬರಲೆಂದು ಗೋಮಾಳಕ್ಕೆ ಕಡ್ಡಿ ಗೀರುವ ಅಭ್ಯಾಸಕ್ಕೂ ಇದೇ ಮಾತು. ಸುಟ್ಟ ನೆಲದಲ್ಲಿ ಮೊದಲು ಚಿಗುರುವುದು ಹುಲ್ಲೇ ಆದರೂ, ವರ್ಷ ವರ್ಷ ಸುಟ್ಟ ಕಡೆ ಕೊನೆಗೆ ಗೆಲ್ಲುವುದು ದನ ಮೂಸದ ಲಂಟಾನ.

ಊರಿನ ತಯಾರಿ

ಬೆಂಕಿ ಕಂಡ ಮೇಲೆ ಯಾರ ಬಳಿ ಟ್ಯಾಂಕರ್ ಇದೆ ಎಂದು ಹುಡುಕುವುದು ತಡವಾದ ಕೆಲಸ. ಫೆಬ್ರವರಿಗೆ ಮುನ್ನ ಗ್ರಾಮ ಪಂಚಾಯಿತಿಯಲ್ಲೋ, ಗ್ರಾಮ ಅರಣ್ಯ ಸಮಿತಿ ಇರುವ ಕಡೆ ಅದರ ಸಭೆಯಲ್ಲೋ, ಹಾಲಿನ ಡೇರಿಯ ಮುಂದೆಯೋ ಕುಳಿತು ಒಂದು ಪಟ್ಟಿ ಬರೆಯಿರಿ: ನೀರಿನ ಟ್ಯಾಂಕರ್, ಪವರ್ ಸ್ಪ್ರೇಯರ್, ಟ್ರಾಕ್ಟರ್ ಇರುವವರ ಹೆಸರು ಮತ್ತು ಫೋನ್ ಸಂಖ್ಯೆ, ಕೊಳವೆಬಾವಿಯಿಂದ ಟ್ಯಾಂಕರ್ ತುಂಬಿಸಬಹುದಾದ ಜಾಗಗಳು, ಗಸ್ತು ಅರಣ್ಯ ಪಾಲಕರ ಸಂಖ್ಯೆ. ಔಷಧಿ ಹೊಡೆಯುವ 16 ಲೀಟರಿನ ಬೆನ್ನ ಕ್ಯಾನು ಹುಲ್ಲಿನ ಬೆಂಕಿಯ ಅಂಚನ್ನು ಆರಿಸಲು ಎಷ್ಟು ಉಪಯುಕ್ತವೆಂಬುದು ಬಳಸಿದವರಿಗೆ ಗೊತ್ತು, ಆದರೆ ಅದನ್ನು ಮೊದಲು ಚೆನ್ನಾಗಿ ತೊಳೆದಿರಬೇಕು. ಕೀಟನಾಶಕದ ಉಳಿಕೆ ಬೆಂಕಿಯಲ್ಲಿ ವಿಷದ ಹೊಗೆಯಾಗುತ್ತದೆ.

ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆಯು ಉಪಗ್ರಹಗಳು ಗುರುತಿಸಿದ ಬೆಂಕಿಯ ಸ್ಥಳವನ್ನು ಮೊಬೈಲಿಗೆ ಸಂದೇಶವಾಗಿ ಕಳುಹಿಸುವ ವ್ಯವಸ್ಥೆ ಹೊಂದಿದ್ದು, ಅದರ ಜಾಲತಾಣದಲ್ಲಿ ಸಾರ್ವಜನಿಕರೂ ಹೆಸರು ನೋಂದಾಯಿಸಬಹುದು. ಉಪಗ್ರಹ ನಿಮ್ಮ ತಲೆಯ ಮೇಲೆ ಹಾದುಹೋಗುವ ಹೊತ್ತಿನ ನಡುವೆ ಹೊತ್ತಿದ ಬೆಂಕಿ ಅದಕ್ಕೆ ತಡವಾಗಿ ಕಾಣುವುದರಿಂದ, ಗುಡ್ಡದ ಮೇಲೆ ಕುರಿ ಮೇಯಿಸುವವರ ಕಣ್ಣೇ ಈಗಲೂ ಮುಂಚೂಣಿಯ ಕಾವಲು. ಅವರ ಮೊಬೈಲಿನಲ್ಲಿ ಸರಿಯಾದ ಸಂಖ್ಯೆಗಳಿವೆಯೇ ಎಂದು ನೋಡಿ.

ಹೊಗೆ ಕಂಡಾಗ

ಮೊದಲು ಕರೆ, ಆಮೇಲೆ ಓಟ. ಕಾಡಿನ ಬೆಂಕಿಗೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಅಗ್ನಿಶಾಮಕ ದಳಕ್ಕೆ 101 ಅಥವಾ 112. ಊರಿನ ಹೆಸರು, ಹತ್ತಿರದ ಗುಡ್ಡ ಅಥವಾ ಕೆರೆಯ ಗುರುತು, ಹೊಗೆ ಯಾವ ದಿಕ್ಕಿಗೆ ಬಾಗಿದೆ, ವಾಹನ ಯಾವ ದಾರಿಯಿಂದ ಹತ್ತಿರ ಬರಬಹುದು, ಇಷ್ಟನ್ನು ನಿಧಾನವಾಗಿ ಹೇಳಿ. ಮುಖ್ಯರಸ್ತೆಯ ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸಿದರೆ ಅಗ್ನಿಶಾಮಕ ವಾಹನ ದಾರಿ ತಪ್ಪುವುದಿಲ್ಲ. ತಂತಿಯಿಂದ ಹೊತ್ತಿದ ಬೆಂಕಿಯಾದರೆ ವಿದ್ಯುತ್ ನಿಂತಿದೆ ಎಂದು ಸೆಸ್ಕ್‌ನಿಂದ ಖಚಿತವಾಗುವ ಮುನ್ನ ನೀರು ಹಾಯಿಸಬೇಡಿ.

ಸೊಂಟದ ಕೆಳಗಿನ ಎತ್ತರದ ಹುಲ್ಲಿನ ಬೆಂಕಿಯನ್ನು ನಾಲ್ಕಾರು ಜನ ಸೇರಿ ಆರಿಸಲು ಯತ್ನಿಸಬಹುದು; ಅದಕ್ಕಿಂತ ಎತ್ತರದ ಜ್ವಾಲೆ, ಲಂಟಾನದ ಮೆಳೆ, ಬೆಳೆದ ಕಬ್ಬು ಹೊತ್ತಿಕೊಂಡರೆ ಹಿಂದೆ ಸರಿದು ಮುಂದಿನ ರೇಖೆಯನ್ನು ಅಗಲ ಮಾಡುವ ಕೆಲಸಕ್ಕೆ ಇಳಿಯಿರಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಮೈಗೆ ಕರಗಿ ಅಂಟುವುದರಿಂದ ತುಂಬುತೋಳಿನ ಹತ್ತಿ ಬಟ್ಟೆ, ಚಪ್ಪಲಿಯ ಬದಲು ಶೂ ಇರಲಿ. ಬೆಂಕಿಯ ಎದುರಿಗೆ ನಿಲ್ಲಬೇಡಿ. ಹಿಂಬದಿಯಿಂದ ಆರಂಭಿಸಿ, ಸುಟ್ಟ ಕಪ್ಪು ನೆಲದ ಪಕ್ಕದಲ್ಲಿಯೇ ಎರಡೂ ಮಗ್ಗುಲಲ್ಲಿ ಮುಂದೆ ಸಾಗಿ. ಹಸಿಸೊಪ್ಪಿನ ಕೊಂಬೆಯನ್ನು ಎತ್ತೆತ್ತಿ ಬಡಿದರೆ ಕಿಡಿ ಹಾರುತ್ತದೆ. ಬೆಂಕಿಯ ಅಂಚನ್ನು ಒಳಕ್ಕೆ ಗುಡಿಸುವಂತೆ ಒತ್ತಿ ಎಳೆಯಬೇಕು. ಅಪಾಯವೆನಿಸಿದರೆ ಓಡಬೇಕಾದ ಜಾಗ ಆಗಲೇ ಸುಟ್ಟು ತಣ್ಣಗಾದ ನೆಲ.

ಬೆಂಕಿ ಏರುತ್ತಿರುವ ಗುಡ್ಡದ ಮೇಲ್ಭಾಗದಲ್ಲಿ ಯಾರೂ ಇರಬಾರದು. ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಬೆಂಕಿ ಮೇಲೇರುವ ವೇಗ ಸುಮಾರು ದುಪ್ಪಟ್ಟಾಗುತ್ತದೆ ಎಂಬುದು ಬೆಂಕಿ ಆರಿಸುವವರ ಅಂದಾಜು. ಎರಡು ಗುಡ್ಡಗಳ ನಡುವಿನ ಕೊರಕಲಿನಲ್ಲಿ ಅದು ಇನ್ನೂ ಬಿರುಸು. ಕಾಡಿನೊಳಗಿನ ಬೆಂಕಿಗೆ ಇಲಾಖೆಯ ಸಿಬ್ಬಂದಿ ಕರೆದರೆ ಮಾತ್ರ, ಅವರ ಜೊತೆಯಲ್ಲಿಯೇ ಹೋಗಿ. 2017ರಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ತರಬೇತಿ ಪಡೆದವರಿಗೇ ಹಾಗಾದರೆ ಉಳಿದವರ ಗತಿ ಬೇರೆ ಹೇಳಬೇಕಿಲ್ಲ. ಯಾರಿಗಾದರೂ ಸುಟ್ಟರೆ ಆ ಭಾಗವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಲ್ಲಿಡಿ. ಶಾಯಿ, ಟೂತ್‌ಪೇಸ್ಟ್, ಅರಿಸಿನ ಯಾವುದನ್ನೂ ಹಚ್ಚದೆ ಶುಭ್ರವಾದ ಬಟ್ಟೆ ಮುಚ್ಚಿ 108ಕ್ಕೆ ಕರೆ ಮಾಡಿ.

ಆರಿದ ಮೇಲೆ

ಜ್ವಾಲೆ ಅಡಗಿದ ಕೂಡಲೇ ಮನೆಗೆ ಹೋಗುವುದು ಸಾಮಾನ್ಯ, ಮತ್ತು ಎರಡನೆಯ ಬೆಂಕಿ ಹುಟ್ಟುವುದು ಆಗಲೇ. ಒಣಸಗಣಿ, ಮರದ ಮೋಟು, ಬಿದಿರಿನ ಬುಡ, ಬಿದ್ದ ತೆಂಗಿನ ಮಟ್ಟೆಗಳಲ್ಲಿ ಕೆಂಡ ಗಂಟೆಗಟ್ಟಲೆ ಉಳಿಯುತ್ತದೆ. ಅಂಚಿನಿಂದ ಇಪ್ಪತ್ತು ಹೆಜ್ಜೆ ಒಳಗಿನವರೆಗೆ ಹೊಗೆಯಾಡುವ ಪ್ರತಿಯೊಂದನ್ನೂ ಒಡೆದು, ಮಣ್ಣು ಕಲಸಿ, ನೀರು ಹೊಯ್ಯಿರಿ; ರಾತ್ರಿ ಇಬ್ಬರು ಕಾವಲಿರಲಿ, ಕತ್ತಲಲ್ಲಿ ಕೆಂಡ ತಾನಾಗಿಯೇ ಕಾಣುತ್ತದೆ. ಸುಟ್ಟ ಕಬ್ಬಿನ ತೂಕವೂ ಸಕ್ಕರೆಯ ಅಂಶವೂ ದಿನದಿನಕ್ಕೆ ಇಳಿಯುವುದರಿಂದ, ಗದ್ದೆಯ ಫೋಟೊ ತೆಗೆದು, ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ಪೊಲೀಸ್ ಠಾಣೆಗೆ ದೂರು ಕೊಟ್ಟು, ಅದೇ ದಿನ ಕಾರ್ಖಾನೆಯ ಕ್ಷೇತ್ರ ಸಿಬ್ಬಂದಿಯ ಬಳಿ ಕಟಾವಿನ ಆದ್ಯತೆ ಕೇಳಬೇಕು.

ಮುಂಗಾರು ಹಿಡಿದ ಮೇಲೆ ಮಾಡಬೇಕಾದ ಕೆಲಸವೊಂದಿದೆ. ಬೆಂಕಿ ಬರುವ ಬದಿಯ ಲಂಟಾನವನ್ನು, ಜಾಗ ನಿಮ್ಮದಾಗಿದ್ದರೆ, ನೆಲ ಹಸಿಯಿರುವಾಗ ಬೇರು ಸಮೇತ ಕಿತ್ತು, ಆ ಸಾಲಿಗೆ ಕತ್ತಾಳೆ ಕಂದುಗಳನ್ನು ಎರಡಡಿಗೊಂದರಂತೆ ಎರಡು ಸಾಲು ನೆಡಿ. ಹಳೆಯ ಮೈಸೂರಿನ ಹೊಲಗಳಲ್ಲಿ ಬೇಲಿಗೆ ಕತ್ತಾಳೆ ಹಾಕುತ್ತಿದ್ದುದು ದನ ತಡೆಯಲೆಂದೇ ಆದರೂ, ನೀರು ತುಂಬಿದ ಅದರ ದಪ್ಪ ಎಲೆ ಕಡುಬೇಸಿಗೆಯಲ್ಲಿಯೂ ಸುಲಭವಾಗಿ ಹೊತ್ತುವುದಿಲ್ಲ. ಬೇಲಿ ಕೂಡಿಕೊಳ್ಳಲು ಕೆಲವು ವರ್ಷ ಬೇಕು, ಅಲ್ಲಿಯವರೆಗೆ ಬುಡದ ಹುಲ್ಲು ಮತ್ತು ಒಣಗಿದ ಕೆಳಎಲೆಗಳನ್ನು ಪ್ರತಿ ಜನವರಿಯಲ್ಲಿ ಸವರುತ್ತಿರಬೇಕು.